ಲಾಭ, ಎರಡು, ಮೂರು

ಬೈತಕೋಲಿನ ಹಳೇ ಉಪ್ಪಿನ ಕೋಠಿಯಲ್ಲಿ
ಈಗ ತಿಂಗಳಿಗೊಂದು ಬೈಠಕ್.
ಜಮಖಾನೆ ಹಾಸುವವಳು ನಾನು,
ತಂಬೂರಿ ಮೀಟುವವಳೂ ನಾನೇ,
ಕೊನೆಗೆ ದೀಪ ಆರಿಸಿ ಕೀಲಿ ಹಾಕುವವಳು.
ಹಾಗಾಗಿ ಎಲ್ಲರೂ ನನ್ನನ್ನೇ ಕೇಳುವುದು:
'ಕಂಡಿದ್ದೀಯೇನೇ?'

ಕಂಡಿಲ್ಲ.
ಕಂಡವರ ಪಟ್ಟಿ ಉದ್ದ ಇದೆ.
ಮೀನು ಮಾರುವ ದುರ್ಪತಿಬಾಯಿಗೆ ಕಂಡದ್ದು
ಬಿಳಿ ಗೌನಿನ ದೊರೆಸಾನಿ,
ಕಿಟಕಿಯಲ್ಲಿ ನಿಂತು ದೇವಗಡದ ದೀಪ ನೋಡುತ್ತಿದ್ದಳಂತೆ.
ಇಲ್ಲಿ ಯಾವ ದೊರೆಸಾನಿಯೂ ಇರಲಿಲ್ಲ ಮಾರಾಯ್ತಿ,
ಉಪ್ಪಿನ ಮೂಟೆಯ ಮೇಲೆ ಯಾರು ಸಂಸಾರ ಹೂಡುತ್ತಾರೆ?
ಕಾಲೇಜು ಹುಡುಗರಿಗೆ ಕಂಡವನು ತಲೆಯಿಲ್ಲದ ಸೋಜಿರ,
ಮರುವರ್ಷ ಅವನಿಗೊಂದು ಕುದುರೆಯೂ ಬಂತು.
ವೈರಿಂಗಿಗೆ ಬಂದ ಪಾಸ್ಕುಗೆ ಏನೂ ಕಾಣಲಿಲ್ಲ,
ಕೇಳಿತಂತೆ.
ಏಣಿ ಬಿಟ್ಟು ಓಡಿದವನು ತಿರುಗಿ ಬರಲಿಲ್ಲ.
ಒಳ್ಳೆಯ ಏಣಿ. ಇಂದಿಗೂ ಬಾವಲಿ ಓಡಿಸಲು
ಅದನ್ನೇ ಹತ್ತುತ್ತೇನೆ.

ನನಗೆ ಗೊತ್ತಿರುವುದು ಗೋಡೆ.
ತಲೆಮಾರುಗಟ್ಟಲೆ ಉಪ್ಪುಂಡ ಗೋಡೆ,
ಮಳೆ ಇನ್ನೂ ಲಕ್ಷದ್ವೀಪದಲ್ಲಿರುವಾಗಲೇ ಬೆವರುತ್ತದೆ.
ಸುಣ್ಣ ಬಳಿದರೆ ಹೊಪ್ಪಳೆ ಏಳುತ್ತದೆ.
ಖರ್ಜದ ತಂತಿಗೆ ಎರಡೇ ವಾರಕ್ಕೆ ಕಿಲುಬು.
ಯಾರೂ ಇಲ್ಲದಾಗ ಒಮ್ಮೆ
ನಾಲಿಗೆ ತಾಗಿಸಿ ನೋಡಿದೆ.
ಉಪ್ಪು.
ಕಂಪನಿ ಹೋಯಿತು, ರಾಣಿ ಹೋದಳು,
ಕೀಲಿಕೈ ನನ್ನ ಸೊಂಟಕ್ಕೆ ಬಂತು,
ಇನ್ನೂ ಉಪ್ಪು.

ನಮ್ಮ ಮನೆಯ ಕತೆ ಬೇರೆ.
ಅಜ್ಜಿಯ ಅಜ್ಜಿ, ಸೋಮಿ ಆಗೇರ,
ಸಾಣಿಕಟ್ಟೆಯ ದೋಣಿ ಬಂದಾಗ
ಮೊಣಕಾಲುದ್ದ ನೀರಿಗಿಳಿದು ಬುಟ್ಟಿ ಹೊರುತ್ತಿದ್ದಳು.
ಬಾಗಿಲಲ್ಲಿ ಎಣಿಸುವ ಕಾರಕೂನ.
ಮೊದಲ ಬುಟ್ಟಿಗೆ 'ಒಂದು' ಅನ್ನಬಾರದು,
ಒಂಟಿಯಾಗುತ್ತದೆ, ಅಪಶಕುನ;
'ಲಾಭ' ಅನ್ನಬೇಕು.
ಲಾಭ, ಎರಡು, ಮೂರು, ನಾಲ್ಕು.
ಸಂಜೆ ಕೂಲಿ ಕೊಡುವಾಗ
ಅವನ ಪಟ್ಟಿ ಶುರುವಾಗುತ್ತಿದ್ದದ್ದು ಎರಡರಿಂದ.
'ಲಾಭ ಯಾರ್ದು ಒಡೆಯಾ?'
ಕೇಳಿದ್ದು ಅಷ್ಟೇ. ಮರುದಿನದಿಂದ
ಸೋಮಿಗೆ ಕೆಲಸವಿಲ್ಲ.

ಅದೇ ಆಷಾಢದಲ್ಲಿ ಮೂಟೆಯ ರಾಶಿ ಜರಿದು
ಕಾರಕೂನ ಅಡಿಯಲ್ಲಿ ಸಿಕ್ಕ.
ಹೊರಗೆ ತೆಗೆದಾಗ ಹೆಣ ಒಣಮೀನಿನ ಹಾಗೆ ಕೆಡದೆ ಇತ್ತು
ಅನ್ನುತ್ತಿದ್ದಳು ಅಜ್ಜಿ, ಸ್ವಲ್ಪ ಖುಷಿಯಿಂದಲೇ.
ಉಪ್ಪು ತಿಂದವ ನೀರು ಕುಡಿಯಬೇಕಲ್ಲ,
ಅವನಿಗೆ ನೀರೂ ಸಿಗಲಿಲ್ಲ.
ಅಂದಿನಿಂದ ರಾತ್ರಿ ಎಣಿಸುತ್ತಾನಂತೆ,
ಲೆಕ್ಕ ಮೊದಲ ಬುಟ್ಟಿಯಲ್ಲೇ ಎಡವುತ್ತದಂತೆ.

ನಿನ್ನೆ ಶಿರಸಿಯ ಇಂದುಮತಿತಾಯಿ
ಮಾರುಬಿಹಾಗ ಹಾಡಿದರು, ಬಹಳ ನಿಧಾನ.
ಸ್ವರ ಹಚ್ಚಿದ ಮೇಲೆ ಸಮುದ್ರವೂ
ಹೊರಗೆ ಚಪ್ಪಲಿ ಬಿಟ್ಟು ಬಂದ ಹಾಗಿತ್ತು.
ಮುಗಿದ ಮೇಲೆ ತಬಲಾದ ಗುರುಪಾದ
ಮುಖ ಬಿಳಿಚಿಕೊಂಡು ಹತ್ತಿರ ಬಂದ.
'ಸಮ್ ಬಂದಾಗೆಲ್ಲ ಯಾರೋ ಹೇಳ್ತಾರೆ.
ಒಂದು ಅಲ್ಲ.
ಲಾಭ ಅಂತಾರೆ. ನನ್ನ ಬೆನ್ನ ಹಿಂದೇ.'

ಅವನ ಬೆನ್ನ ಹಿಂದೆ ಕೂತಿದ್ದವಳು ನಾನು.
ಪಂಚಮ, ಜೋಡಿ, ಜೋಡಿ, ಖರ್ಜ.
ನಾಲ್ಕು ತಂತಿ, ಮೂರು ಗಂಟೆ.
ತುಟಿ ಮುಟ್ಟಿ ನೋಡಿಕೊಂಡೆ,
ಒಣಗಿತ್ತು, ಉಪ್ಪುಪ್ಪು.
ಅವನಿಗೇನೂ ಹೇಳಲಿಲ್ಲ.
ಇಂಥ ಕತೆ ಇದ್ದರೆ ಟಿಕೇಟು ಹೋಗುತ್ತದೆ.

ಕಾರ್ಯದರ್ಶಿಗಳು ಲಕೋಟೆ ಕೊಟ್ಟರು, ತಂಬೂರಿಯದ್ದು.
ಜಮಖಾನೆಗೆ, ಕಸಬರಿಗೆಗೆ, ಕೀಲಿಗೆ
'ಅದೆಲ್ಲ ನಮ್ಮದೇ ಮನೆ ಕೆಲಸ ಅಲ್ಲವೇನಮ್ಮ' ಅಂದರು.
ಆರು ವರ್ಷ ಹಾಡಲು ಕಲಿತವಳು ನಾನು,
ಮುಂದೆ ಕೂರಿಸಿಲ್ಲ ಇನ್ನೂ.

ಎಲ್ಲರೂ ಹೋದರು. ದೀಪ ಆರಿಸಿದೆ.
ಬಾಗಿಲಲ್ಲಿ, ಆ ಕಾರಕೂನ ಕೂರುತ್ತಿದ್ದ ಕಲ್ಲಿನ ಮೇಲೆ ಕೂತು
ನೋಟು ಎಣಿಸತೊಡಗಿದೆ.
ಮೊದಲನೆಯದಕ್ಕೆ, ಜೋರಾಗಿಯೇ:
ಒಂದು.

ಹಾಲು ಅದನ್ನು ತನ್ನ ಬಾಯಲ್ಲಿ ಒಮ್ಮೆ ಹೊರಳಿಸಿ
ತಿರುಗಿ ಕೊಟ್ಟಿತು.
ಯಾರೂ ತಿದ್ದಲಿಲ್ಲ.